ಲಾರಿ ಕಾಣುವ ಕನ್ನಡಿ

ಶಿಡ್ಲಘಟ್ಟದಲ್ಲಿ ರೇಷ್ಮೆ ಹುರಿ ಮಾಡುವ ಯಂತ್ರಗಳ ಸದ್ದಿನಲ್ಲೇ ದುಡಿದು ನನ್ನ ಕಿವಿ ಮಂದವಾಗಿತ್ತು. ಸೈಕಲ್ಲಿನಲ್ಲಿ ಮನೆಗೆ ಹೋಗುವಾಗ ಲಾರಿ ಪಕ್ಕಕ್ಕೇ ಬರುವವರೆಗೂ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಸೈಕಲ್ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಕನ್ನಡಿಯನ್ನೇ ಆರಿಸಿ, ಹ್ಯಾಂಡಲ್ಲಿನ ಬಲಗಡೆ ಹಾಕಿಸಿಕೊಂಡೆ.

ಅವತ್ತು ಚಿಂತಾಮಣಿ ರಸ್ತೆಯಲ್ಲಿ ಕನ್ನಡಿ ತುಂಬ ಲಾರಿಗಳೇ. ಒಂದೊಂದು ಕಂಡಾಗಲೂ ಚರಂಡಿಯ ಅಂಚಿಗೆ ಇಳಿದು ನಿಂತೆ. ಮನೆ ಮುಟ್ಟುವಷ್ಟರಲ್ಲಿ ಅಳುವೇ ಬಂದಿತ್ತು.

ಮಾರನೆಯ ದಿನ ಅಂಗಡಿಯವನಿಗೆ ಹೇಳಿದೆ. "ಎಲ್ಲಾ ಚೆನ್ನಾಗಿ ಕಾಣ್ಸುತ್ತಪ್ಪ. ಪಕ್ಕಕ್ಕೆ ಸರಿಯೋಕೆ ಜಾಗಾನೇ ಇಲ್ಲ."

"ರಸ್ತೆ ಅಗಲ ಮಾಡೋಕೆ ನನ್ ಕೈಲಾಗಲ್ಲಣ್ಣ," ಎಂದು ಅವನು ನನ್ನ ಕಿವಿಯ ಹತ್ತಿರ ಕೂಗಿ, ಕನ್ನಡಿಯನ್ನು ಒಳಕ್ಕೆ ತಿರುಗಿಸಿಬಿಟ್ಟ.

ಈಗ ಅದರಲ್ಲಿ ನನ್ನ ಮೊಣಕೈ ಮಾತ್ರ ಕಾಣುತ್ತದೆ. ಕೆಲಸ ಬಿಡುವ ಹಾಗಿಲ್ಲವಲ್ಲ, ಅದನ್ನೇ ನೋಡಿಕೊಂಡು ತುಳಿಯುತ್ತೇನೆ.