ನಾನು ನಕಲಿ ಎಂದ ಗಡಿಯಾರ

ಇವತ್ತು ಬೆಳಗ್ಗೆ ಅಂಗಡಿಯ ಶಟರ್ ಎತ್ತಿ ಊದಿನಕಡ್ಡಿ ಹಚ್ಚುವಷ್ಟರಲ್ಲಿ ಗಿರಾಕಿಯೊಬ್ಬರು ಕೈ ಚಾಚಿ, ಈ ವಾಚು ಅಸಲಿಯೋ ನಕಲಿಯೋ ನೋಡಿ ಹೇಳಿ ಎಂದರು. ಗೊತ್ತಿಲ್ಲ ಎಂದೆ. ಗಡಿಯಾರ ಮಾರುವವನಿಗೇ ಗೊತ್ತಿಲ್ಲವೇ ಎಂದು ನಗುತ್ತಾ ಹೋದರು. ನಗಲಿ. ಗೊತ್ತಿದೆ ಎಂದು ಹೇಳಿ ಒಮ್ಮೆ ಏನು ಮಾಡಿಕೊಂಡೆ ಎಂಬುದನ್ನು ನಿಮಗಾದರೂ ಹೇಳಿಬಿಡುತ್ತೇನೆ.

ಹುಮನಾಬಾದಿನಿಂದ ಮಾಣಿಕನಗರಕ್ಕೆ ಹೋಗುವ ರಸ್ತೆಯಲ್ಲಿ ನನ್ನದೊಂದು ಪುಟ್ಟ ಅಂಗಡಿ. ಮೊಬೈಲ್ ಕವರು, ಬೆಲ್ಟು, ಕಪ್ಪು ಕನ್ನಡಕ, ಜೊತೆಗೆ ಗಾಜಿನ ಪೆಟ್ಟಿಗೆಯ ತುಂಬಾ ‘ಫಸ್ಟ್ ಕಾಪಿ’ ಗಡಿಯಾರಗಳು. ಅಂದರೆ ದೊಡ್ಡ ದೊಡ್ಡ ಕಂಪನಿಗಳ ವಾಚಿನ ನಕಲು, ಹೆಸರು ಸಮೇತ. ಅಸಲಿ ಎಂದು ಹೇಳಿ ಯಾರಿಗೂ ಮಾರಿದವನಲ್ಲ. ಗಿರಾಕಿಯೂ ಕೇಳುವುದಿಲ್ಲ, ಮದುವೆಯ ಫೋಟೋದಲ್ಲಿ ಹೊಳೆದರೆ ಸಾಕು. ಆದರೂ ಈ ವಿಷಯದಲ್ಲಿ ಜನಕ್ಕೆ ನಾನೇ ಪಂಡಿತ. ಚಿಟಗುಪ್ಪದಿಂದಲೂ ಬಂದು ತೋರಿಸುತ್ತಿದ್ದರು. ನಾನು ಗಡಿಯಾರವನ್ನು ಅಂಗೈಯಲ್ಲಿ ತೂಗಿ, ಕಿವಿಗೆ ಹಿಡಿದು, ಕಣ್ಣು ಕಿರಿದು ಮಾಡಿ ತೀರ್ಪು ಕೊಡುತ್ತಿದ್ದೆ. ಅಸಲಿಯಾದರೆ ಭಾರವಿರಬೇಕು, ಸೆಕೆಂಡಿನ ಮುಳ್ಳು ಜಾರುತ್ತಾ ಹೋಗಬೇಕು. ಟಿಕ್ ಟಿಕ್ ಎಂದು ಕುಪ್ಪಳಿಸಿದರೆ ನಕಲಿ. ಇಷ್ಟೇ ನನ್ನ ವಿದ್ಯೆ. ಅಸಲಿ ಎಂಬುದನ್ನು ಜನ್ಮದಲ್ಲಿ ಒಮ್ಮೆಯೂ ಮುಟ್ಟಿರಲಿಲ್ಲ. ಅದೊಂದು ಕೊರತೆ ಎಂದು ಆಗ ಅನಿಸಿರಲೂ ಇಲ್ಲ.

ಮೂರು ವರ್ಷದ ಹಿಂದೆ ಬಸವಕಲ್ಯಾಣದ ಜೈತುನ್ ಆಪಾ ಬಂದರು. ಕುವೈತಿನ ಒಂದು ಮನೆಯಲ್ಲಿ ಹದಿನಾಲ್ಕು ವರ್ಷ ಮುದುಕಿಯೊಬ್ಬರ ಆರೈಕೆ ಮಾಡಿ ಊರಿಗೆ ಮರಳಿದ್ದವರು. ಹೊರಡುವ ದಿನ ಆ ಮುದುಕಿ ತನ್ನ ಕೈಯಿಂದ ಬಿಚ್ಚಿ ಇವರ ಕೈಗೆ ಕಟ್ಟಿದ ಗಡಿಯಾರವಂತೆ. ಊರಿಗೆ ಬಂದ ಮೇಲೂ ಆ ಮುದುಕಿ ಪ್ರತಿ ಶುಕ್ರವಾರ ಇವರಿಗೆ ಫೋನು ಮಾಡುತ್ತಿದ್ದರಂತೆ. ಅಂಥ ದುಬಾರಿ ವಾಚು ಕೆಲಸದಾಕೆಗೆ ಯಾರು ಕೊಡುತ್ತಾರೆ ಎಂದು ಓಣಿಯವರು ಛೇಡಿಸಿದ್ದರಿಂದ ನನ್ನವರೆಗೆ ಬಂದಿದ್ದರು.

ನೋಡಿದೆ. ತೆಳ್ಳಗೆ, ಹಗುರ. ಮುಳ್ಳು ಕುಪ್ಪಳಿಸುತ್ತಿತ್ತು. ಅದೇ ಹೆಸರಿನ ನನ್ನ ಫಸ್ಟ್ ಕಾಪಿಯನ್ನು ಪಕ್ಕದಲ್ಲಿಟ್ಟೆ. ನೀವಿದ್ದಿದ್ದರೂ ನನ್ನದನ್ನೇ ಅಸಲಿ ಎನ್ನುತ್ತಿದ್ದಿರಿ. “ಡುಪ್ಲಿಕೇಟ್ ಅದ ಆಪಾ,” ಎಂದೆ. ನಿಂತಿದ್ದ ಗಿರಾಕಿಗಳಿಗೂ ಕೇಳಲಿ ಎಂದು ಸ್ವಲ್ಪ ದೊಡ್ಡ ದನಿಯಲ್ಲೇ ಎಂದೆ.

“ಹದಿನಾಕು ವರ್ಷ ಎತ್ತಿ ಮಲಗಿಸೀನಿ. ಕಡೀಕ ಡುಪ್ಲಿಕೇಟ್ ಕೊಟ್ಟಳೇನ್ರಿ?”

ಅವತ್ತು ಶುಕ್ರವಾರ. ಕೈಚೀಲದೊಳಗೆ ಫೋನು ಬಡಿದುಕೊಂಡಿತು. ಆಪಾ ಹೊರತೆಗೆದು ಹೆಸರು ನೋಡಿ ಕಟ್ ಮಾಡಿದರು. ಮತ್ತೆ ಬಡಿದುಕೊಂಡಿತು, ಮತ್ತೆ ಕಟ್ ಮಾಡಿದರು. ಗಡಿಯಾರ ತನಗೆ ಬೇಡ, ನಿಮ್ಮ ಬಳಿಯೇ ಇರಲಿ ಎಂದು ಬಿಟ್ಟು ಹೋದರು. ನಾನು ಅದನ್ನು ಕಾಪಿಗಳ ಸಾಲಿನಲ್ಲಿಟ್ಟೆ.

ಐದಾರು ತಿಂಗಳಿಗೆ ಅದು ನಿಂತಿತು. ಸೆಲ್ ಹಾಕಿಸಲು ಬಜಾರಿನ ಶರಣಪ್ಪ ಕಾಕಾನ ಹತ್ತಿರ ಒಯ್ದು, ನಕಲಿ ವಾಚು, ಅಗ್ಗದ ಸೆಲ್ ಸಾಕು ಎಂದೆ. ಗಡಿಯಾರ ರಿಪೇರಿಯಲ್ಲೇ ತಲೆ ನೆರೆತವರು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ತೆಗೆದು ಒಳಗೆ ಇಣುಕಿದರು. ನನಗೂ ತೋರಿಸಿದರು. ಯಾರಿಗೂ ಕಾಣದ ಒಳಗಿನ ತುಣುಕುಗಳಿಗೂ ಮೆರುಗು, ಇರುವೆಗಿಂತ ಸಣ್ಣ ಅಕ್ಷರಗಳ ಕೆತ್ತನೆ.

“ಅಸಲಿ ಅದ ತಮ್ಮಾ. ಸೆಲ್ಲಿನ ವಾಚು ಟಿಕ್ ಟಿಕ್ ಅಂತನೇ ಓಡ್ತದ. ದೊಡ್ಡ ಕಂಪನಿಯವರೂ ಸೆಲ್ಲಿಂದು ಮಾಡ್ತಾರ. ನಕಲಿ ಅಂತ ನಿನಗ ಯಾರು ಹೇಳಿದ್ರು?”

ಸೆಲ್ಲಿನ ದುಡ್ಡು ಕೊಟ್ಟು ಗಡಿಯಾರ ಜೇಬಿಗಿಟ್ಟುಕೊಂಡು ಬಂದೆ. ಎರಡು ದಿನ ಅದನ್ನು ಗಲ್ಲಾಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಕೂತೆ. ಸುಳ್ಳೇಕೆ, ಹೇಳದಿದ್ದರೆ ಯಾರಿಗೆ ತಿಳಿಯುತ್ತದೆ ಎಂದೂ ಅನಿಸಿತು. ಆದರೆ ಫೋನು ಕಟ್ ಮಾಡಿದ ಆ ಬೆರಳು ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತಿತ್ತು. ಮೂರನೆಯ ದಿನ ಬಸವಕಲ್ಯಾಣದ ಬಸ್ಸು ಹತ್ತಿದೆ. ಆ ಮುದುಕಿ ಬೇಸರಪಟ್ಟುಕೊಳ್ಳದೆ ಇನ್ನೂ ಫೋನು ಮಾಡುತ್ತಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

ಆಪಾ ಅಕ್ಕಿ ಆರಿಸುತ್ತಾ ಕೂತಿದ್ದರು. ಒಂದೇ ಉಸಿರಿಗೆ ಎಲ್ಲ ಒಪ್ಪಿಸಿ ಗಡಿಯಾರ ಮುಂದಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ. ಅವತ್ತಿನಿಂದ ಒಂದು ಸಲವೂ ಫೋನು ಎತ್ತಿಲ್ಲ, ಎರಡು ತಿಂಗಳಿಂದ ಅದು ಬರುವುದೂ ನಿಂತಿದೆ ಎಂದರು. ಸೆರಗಿಗೆ ಕೈ ಒರೆಸಿಕೊಂಡು ನಂಬರು ಒತ್ತಿದರು. ಬಹಳ ಹೊತ್ತು ಯಾರೂ ಎತ್ತಲಿಲ್ಲ. ಆಮೇಲೆ ಒಂದು ಹೆಣ್ಣುದನಿ. ಅರಬ್ಬಿಯ ಒಂದಕ್ಷರವೂ ತಿಳಿಯದ ನಾನು ಆಪಾನ ಮುಖವನ್ನೇ ನೋಡುತ್ತಾ ಕೂತೆ. ಮಾತು ಮುಗಿದ ಮೇಲೂ ಅವರು ಫೋನು ಕಿವಿಯಿಂದ ತೆಗೆಯಲಿಲ್ಲ.

“ಮಗಳು ಎತ್ತಿದಳು. ಅಮ್ಮ ಹೋಗಿ ಎರಡು ತಿಂಗಳಾತಂತ. ದವಾಖಾನಿಯಿಂದನೂ ಶುಕ್ರವಾರ ಬಂತಂದ್ರ ಫೋನ್ ಹಚ್ಚಿಸ್ತಿದ್ದಳಂತ.”

ತಪ್ಪಾಯಿತು ಎಂದೆ. ಎಷ್ಟು ಸಲ ಎಂದೆನೋ ನೆನಪಿಲ್ಲ. ಆಪಾ ತಲೆಯಾಡಿಸಿದರು.

“ನಿಮ್ಮ ತಪ್ಪಲ್ಲ ಭಯ್ಯಾ. ನೀವು ನೋಡಿದ್ದು ಗಡಿಯಾರ. ಹದಿನಾಕು ವರ್ಷ ಆಕಿನ್ನ ನೋಡಿದಾಕಿ ನಾನು.”

ನಾಲ್ಕು ಮಾತು ಬೈದಿದ್ದರೆ ಹಗುರವಾಗುತ್ತಿತ್ತು. ಗಡಿಯಾರವನ್ನು ಅವರ ಮುಂದೆಯೇ ಬಿಟ್ಟು ಎದ್ದು ಬಂದೆ. ಈಗಲೂ ಕಾಪಿಗಳನ್ನೇ ಮಾರುತ್ತೇನೆ, ಹೊಟ್ಟೆಪಾಡು. ಬಸವಕಲ್ಯಾಣಕ್ಕೆ ಸಾಮಾನು ಮುಟ್ಟಿಸುವುದಿದ್ದರೆ ಬೇರೆಯವರ ಕೈಯಲ್ಲಿ ಕಳಿಸುತ್ತೇನೆ. ಬರಬೇಡಿ ಎಂದು ಆಪಾ ಹೇಳಿಲ್ಲ. ಹೋಗಲು ನನಗೇ ಮುಖವಿಲ್ಲ.