ಕಣ್ಣು ಮುಚ್ಚಿ ಆಡಿದ ಮಾತು

ಕಳೆದ ಭಾನುವಾರ ಬೆಳಿಗ್ಗೆ ತಂಗಿಯನ್ನು ಮುಂಡಗೋಡದ ಬಸ್ಸಿಗೆ ಹತ್ತಿಸಿ ತಿರುಗಿದರೆ, ದಾಂಡೇಲಿ ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಸುಗುಣಕ್ಕ. ಕಂಕುಳಲ್ಲಿ ಹಾಡಿನ ಪುಸ್ತಕ. ಹದಿನೈದು ವರ್ಷ ನಮ್ಮ ಚರ್ಚಿನಲ್ಲಿ ಹಾಡು ಎತ್ತಿಕೊಡುತ್ತಿದ್ದವಳು ಈಗ ಆರಾಧನೆಗೆ ಹಳಿಯಾಳಕ್ಕೆ ಹೋಗುತ್ತಾಳೆ. ಯಾರಿಂದ? ನನ್ನಿಂದ.

ನಮ್ಮ ಓಣಿ ಅಂಬೇವಾಡಿಯಲ್ಲಿ ಪ್ರತಿ ಬುಧವಾರ ಸಂಜೆ ಚರ್ಚಿನವರ ಮನೆಕೂಟ. ಹಾಡು, ವಾಕ್ಯ, ಪ್ರಾರ್ಥನೆ, ಕೊನೆಗೆ ಚಹಾ, ಚುರುಮುರಿ. (ಚುರುಮುರಿ ಇದ್ದ ವಾರ ಅಟೆಂಡೆನ್ಸ್ ಜಾಸ್ತಿ.) ಪ್ರಾರ್ಥನೆಗೆ ಮೊದಲು ಒಬ್ಬೊಬ್ಬರೂ ತಮ್ಮ ‘ಪ್ರಾರ್ಥನಾ ವಿಷಯ’ ಹೇಳಬೇಕು. ಮಗನ ಪರೀಕ್ಷೆ, ಅತ್ತೆಯ ಮಂಡಿನೋವು, ಹೀಗೆ. ಕೆಲವು ವಾರಗಳ ಹಿಂದಿನ ಒಂದು ಬುಧವಾರ ನನ್ನ ಹತ್ತಿರ ಹೇಳಿಕೊಳ್ಳುವಂಥ ಕಷ್ಟ ಇರಲಿಲ್ಲ. ಹಾಗಾಗಿ ಅಂದು ಬಾರದಿದ್ದ ಸುಗುಣಕ್ಕನ ಕಷ್ಟ ಹೇಳಿದೆ.

“ಸುಗುಣಕ್ಕನ ಸಲುವಾಗಿ ಪ್ರಾರ್ಥನಾ ಮಾಡ್ರಿ. ಗಂಡ ಹೋದಮ್ಯಾಲೆ ಪಾಪ, ಕುಡಿಯೂದು ಚಾಲೂ ಮಾಡ್ಯಾಳ. ವೈನ್ ಶಾಪಿನಿಂದ ಪೇಪರ್‌ನ್ಯಾಗ ಸುತ್ಕೊಂಡು ಬರೂದು ನಾನ ನೋಡೇನಿ.”

ಎಲ್ಲರೂ ಲೊಚಗುಟ್ಟಿದರು. ಕಣ್ಣು ಮುಚ್ಚಿದರು. ನನ್ನ ಕಣ್ಣಲ್ಲಿ ನೀರೂ ಬಂತು ಅನ್ನಿ.

ಸುಳ್ಳು ಹೇಳಿದೆನಾ? ಇಲ್ಲ, ಕಣ್ಣಾರೆ ಕಂಡದ್ದೇ. ಅದಕ್ಕೇ ಇದು ಚಾಡಿ ಅಂತ ನನಗೆ ಹೊಳೆಯಲೇ ಇಲ್ಲ.

ಆ ವಾರದ ಭಾನುವಾರದ ಹೊತ್ತಿಗೆ ವಿಷಯ ಇಡೀ ಸಭೆ ಸುತ್ತಿ ಬಂದಿತ್ತು. ಸುಗುಣಕ್ಕ ಹಾಡು ಎತ್ತಿದಳು, ಯಾರೂ ದನಿಗೂಡಿಸಲಿಲ್ಲ. ನಾನೂ ಇಲ್ಲ. ಅರ್ಧಕ್ಕೇ ನಿಲ್ಲಿಸಿ ಕೂತಳು. ಮುಂದಿನ ವಾರ ಬರಲಿಲ್ಲ.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಅವಳ ಪಕ್ಕ ಹೋಗಿ ಕೂತೆ. “ತಪ್ಪಾತು ಸುಗುಣಕ್ಕ. ನಾ ಚಾಡಿ ಹೇಳಬೇಕಂತ ಹೇಳಲಿಲ್ಲ, ಪ್ರಾರ್ಥನಾಕ್ಕಂತ...” ಅಂದೆ. (ಕ್ಷಮೆ ಕೇಳುವಾಗಲೂ ಒಂದು ನೆಪ ಬೇಕು ನೋಡಿ.)

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

“ಕುಡೀತಿದ್ದೆ, ಖರೇನ. ಬಿಡಬೇಕಂತ ಭಾಳ ಒದ್ದಾಡ್ತಿದ್ದೆ” ಅಂದಳು. “ನೀವೆಲ್ಲಾ ನನ್ನ ಸಲುವಾಗಿ ಕೂತಾಗ ನನ್ನೂ ಕರೀಬೇಕಿತ್ತು ಸಿಸ್ಟರ್. ನಾನೂ ಬಂದು ಮೊಣಕಾಲೂರ್ತಿದ್ದೆ.”

ಬಸ್ಸು ಬಂತು. ಹತ್ತಿ ಹೋದಳು. ನಾನು ಅಲ್ಲೇ ಕೂತು ಅತ್ತೆ.

ಯಾರದಾದರೂ ತಪ್ಪು ಕಂಡರೆ ಮೊದಲು ಒಬ್ಬರೇ ಹೋಗಿ ಅವರ ಹತ್ತಿರ ಮಾತಾಡಿ. ಬೈಬಲಿನ ಈ ಮಾತನ್ನು ಸಂಡೇ ಸ್ಕೂಲಿನ ಮಕ್ಕಳಿಗೆ ಬಾಯಿಪಾಠ ಮಾಡಿಸುವವಳು ನಾನೇ. ಸುಗುಣಕ್ಕನ ಮನೆ ನಮ್ಮ ಮನೆಯಿಂದ ಐದನೇ ಬಾಗಿಲು.

ಅವಳ ತಪ್ಪನ್ನು ದೇವರ ತನಕ ಒಯ್ದವಳಿಗೆ, ಆ ಐದು ಬಾಗಿಲು ಅಷ್ಟು ದೂರವಾಯಿತಾ?