ಎಡ ಮುಂದಿನ ಚಕ್ರದ ಗೀರು

ಕಾರು ಎಪ್ಪತ್ತು ದಾಟಿದರೆ ಸ್ಟಿಯರಿಂಗ್ ನಡುಗುತ್ತದೆ ಎಂಬ ವಿಷಯವನ್ನು ನಾನು ಮನೆಯಲ್ಲಿ ಮೂರು ವಾರ ಮುಚ್ಚಿಟ್ಟಿದ್ದೆ. ಹೇಳಿದರೆ, ನಾನು ಎಪ್ಪತ್ತು ದಾಟಿಸುತ್ತೇನೆ ಎಂಬುದೂ ಹೊರಬೀಳುತ್ತಿತ್ತು. ನಲವತ್ತೆಂಟನೆಯ ವಯಸ್ಸಿನಲ್ಲಿ ಕಾರು ಕಲಿತವಳು ನಾನು. ನರಸಿಂಹರಾಜಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ತಿರುಗುವ ವಸ್ತುವಿನ ತೂಕ ಒಂದು ಪಕ್ಕಕ್ಕೆ ಹೆಚ್ಚಾದರೆ ಏನಾಗುತ್ತದೆ ಎಂದು ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬಾಣ ಎಳೆದು ತೋರಿಸಿದ್ದೇನೆ. ಅದು ನನ್ನ ಅಂಗೈಗೆ ಗೊತ್ತಾದದ್ದು ಮಾತ್ರ ಶೃಂಗೇರಿಯ ತಂಗಿಯ ಮನೆಗೆ ಹೋಗುವ ದಾರಿಯಲ್ಲಿ. ಚಕ್ರದಲ್ಲಿ ಕೆಲವೇ ಗ್ರಾಮಿನ ವ್ಯತ್ಯಾಸ ಸಾಕು. ನಿಧಾನಕ್ಕೆ ಹೋಗುವಾಗ ಸುಳಿವೇ ಇರುವುದಿಲ್ಲ, ವೇಗ ಬಂತೋ, ಇಡೀ ಕಾರಿಗೆ ಚಳಿಜ್ವರ.

ಕೊನೆಗೊಂದು ದಿನ ಹೇಳಿದೆ. ಇವರು, ಅಂದರೆ ನನ್ನ ಗಂಡ, ಬಯ್ಯಲಿಲ್ಲ. ಅದಕ್ಕಿಂತ ಕಷ್ಟದ ಕೆಲಸ ಒಪ್ಪಿಸಿದರು. ಆ ಕಾರಿಗೆ ಮಿರಮಿರ ಹೊಳೆಯುವ ಕಪ್ಪು ಅಲಾಯ್ ಚಕ್ರಗಳನ್ನು ಹಾಕಿಸಿದವರು ಅವರೇ. ಅವನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸುವಾಗಿನ ಅವರ ಮುಖ ನೋಡಿದರೆ, ಮದುವೆಯ ಹೊಸದರಲ್ಲಿ ನನ್ನನ್ನೂ ಹೀಗೆ ನೋಡಿದ್ದರೇ ಎಂದು ನೆನಪು ಕೆದಕಬೇಕಾಗುತ್ತದೆ.

"ಕೊಪ್ಪದಲ್ಲಿ ಬ್ಯಾಲೆನ್ಸಿಂಗ್ ಮಾಡಿಸ್ಕೊಂಡು ಬಾ. ಆದ್ರೆ ಪಕ್ಕದಲ್ಲೇ ನಿಂತಿರು. ತೂಕ ಸರಿದೂಗ್ಸೋ ವೇಟನ್ನ ಅಂಚಿಗೆ ಸುತ್ತಿಗೆಲಿ ಹೊಡೆದು ಕೂರಿಸಿದ್ರೆ ಬಣ್ಣ ಎದ್ದು ಬರ್ತದೆ" ಎಂದರು.

ಶನಿವಾರ ಮಧ್ಯಾಹ್ನ ಹೋದೆ. ಟೈರ್ ಅಂಗಡಿಯ ಅಜೀಜ್ ಸಾಹೇಬರು ಅರವತ್ತರ ಆಸುಪಾಸಿನವರು, ಮಾತು ಕಡಿಮೆ. ಅವರು ನಟ್ಟಿಗೆ ಕೈ ಹಾಕುವ ಮೊದಲೇ ನಾನು ಶುರು ಮಾಡಿದೆ. ಸುತ್ತಿಗೆ ಬೇಡ ಎಂದೆ. ಸ್ಕ್ರೂಡ್ರೈವರ್ ತಾಗಿಸಬೇಡಿ ಎಂದೆ. ಬರಿ ನೆಲದ ಮೇಲೆ ಇಡಬೇಡಿ ಎಂದೆ.

"ಮೇಡಂ, ಕ್ಲಾಸಲ್ಲೂ ಹೀಗೇ ಮಾತಾಡ್ತೀರಾ?"

"ಹೌದು."

"ಪಾಪ, ಮಕ್ಳು" ಎಂದು ಅವರು ಚಕ್ರ ಬಿಚ್ಚಿದರು.

ಹಳೆ ಗೋಣಿಯ ಮೇಲೆ ಅದನ್ನು ಮಲಗಿಸಿದರು. ಒಳಬದಿಗೆ ಅಂಟಿದ್ದ ಹಳೆಯ ತೂಕದ ತುಂಡನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಎಬ್ಬಿಸಿದರು. ಅಂಟು ಒರೆಸಿ, ಮೆಷಿನ್ನಿಗೆ ಏರಿಸುವಾಗ ಕಬ್ಬಿಣ ತಾಗುವಲ್ಲಿ ಬಟ್ಟೆ ಕೊಟ್ಟು ಬಿಗಿದರು. ಚಕ್ರ ತಿರುಗಿತು, ನಿಂತಿತು, ಮೆಷಿನ್ ಲೆಕ್ಕ ಹೇಳಿತು. ಹೊಸ ತುಂಡನ್ನು ಹೊರಗೆ ಕಾಣದ ಹಾಗೆ ಒಳಗೇ ಅಂಟಿಸಿ ಹೆಬ್ಬೆರಳಿನಿಂದ ಒತ್ತಿ ಹಿಡಿದರು. ನಾಲ್ಕೂ ಚಕ್ರ ಮುಗಿಯುವವರೆಗೆ ನಾನು ಬಗ್ಗಿ ಬಗ್ಗಿ ನೋಡಿದೆ. ಕೂದಲೆಳೆಯಷ್ಟೂ ಗೀರಿಲ್ಲ.

ಖುಷಿಯಲ್ಲಿ ಹೊರಟು ಬೇಕರಿಯ ಮುಂದೆ ಬ್ರೆಡ್ ಕೊಳ್ಳಲು ನಿಲ್ಲಿಸಿದೆ. ನಿಲ್ಲಿಸುವಾಗ ಎಡಗಡೆಯಿಂದ ಚರ್ ಎಂದು ಸದ್ದು ಬಂತು. ಇಳಿದು ನೋಡಿದರೆ, ಚರಂಡಿಯ ಸಿಮೆಂಟ್ ಅಂಚಿಗೆ ಮುಂದಿನ ಚಕ್ರ ಉಜ್ಜಿತ್ತು. ಕಪ್ಪಿನ ಮೇಲೆ ಬೆರಳುದ್ದದ ಬಿಳಿ ಗೆರೆ. ಸೆರಗಿನಿಂದ ಒರೆಸಿದೆ. ಸೆರಗು ಕೊಳೆಯಾಯಿತು, ಗೆರೆ ಹಾಗೇ ಇತ್ತು.

ದಾರಿಯುದ್ದಕ್ಕೂ ಹೇಳುವ ಮಾತನ್ನು ಜೋಡಿಸಿಕೊಂಡೇ ಬಂದೆ. ಆದರೆ ನಾನು ಗೇಟು ಹಾಕಿ ಬರುವಷ್ಟರಲ್ಲಿ ಇವರು ಕಾರನ್ನು ಒಂದು ಸುತ್ತು ಬಂದು, ಆ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತಾಗಿತ್ತು.

"ನಾನು ಹೇಳಿರ್ಲಿಲ್ವಾ? ಮಾಡಿಟ್ಟಿದಾನೆ ನೋಡು" ಎಂದರು.

ನಾನು ಬಾಯಿ ತೆರೆದೆ. ಹೊರಗೆ ಬಂದದ್ದು, "ಕಾಫಿ ಮಾಡ್ಲಾ?"

ಸುಮ್ಮನಿರುವುದು ಸುಳ್ಳಲ್ಲ ಎಂದು ಆ ಸಂಜೆ ನನಗೆ ನಾನೇ ಹಲವು ಸಲ ಹೇಳಿಕೊಂಡೆ. ನಿಜವಾದ ಮಾತನ್ನು ಅಷ್ಟು ಸಲ ಹೇಳಿಕೊಳ್ಳುವ ಅಗತ್ಯ ಬೀಳುವುದಿಲ್ಲ. ಬೆಳಿಗ್ಗೆ ಇವರು ಇಸ್ತ್ರಿಯ ಅಂಗಿ ತೊಟ್ಟು, "ಬಾ, ಕೇಳಿಯೇ ಬಿಡೋಣ" ಎಂದು ಹೊರಟರು. ಸ್ಟಿಯರಿಂಗ್ ಈಗ ಒಂದಿಷ್ಟೂ ಅಲುಗುತ್ತಿರಲಿಲ್ಲ. ಇವರು ಆರಾಮಾಗಿ ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ ಕೂತಿದ್ದೆ. ಈ ತಿರುವು ದಾಟಿದ ಮೇಲೆ ಹೇಳುತ್ತೇನೆ, ಆ ಸೇತುವೆ ದಾಟಿದ ಮೇಲೆ ಹೇಳುತ್ತೇನೆ ಎನ್ನುತ್ತಿದ್ದಂತೆ ಕೊಪ್ಪವೇ ಬಂದುಬಿಟ್ಟಿತು.

ಅಂಗಡಿಯಲ್ಲಿ ಬೇರೆ ಇಬ್ಬರು ಗಿರಾಕಿಗಳಿದ್ದರು. ಇವರು ದನಿ ಎತ್ತಲಿಲ್ಲ. ಆದರೆ ಎಲ್ಲರಿಗೂ ಕೇಳುವ ಹಾಗೆ, "ನಂಬಿ ಕಳಿಸಿದ್ದಕ್ಕೆ ಹೀಗಾ ಸಾಹೇಬ್ರೆ?" ಎಂದರು.

ಅಜೀಜ್ ಸಾಹೇಬರು ಕೂತು ಗೀರಿನ ಮೇಲೆ ಬೆರಳಾಡಿಸಿದರು. ಬೆರಳ ತುದಿಗೆ ಬೂದು ಪುಡಿ ಹತ್ತಿತು. ಅದು ಸಿಮೆಂಟಿನದೆಂದು ವಿಜ್ಞಾನದ ಟೀಚರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಇಲ್ಲೇ ಆಗಿರ್ಬೋದು ಸರ್. ಬಿಟ್ಟು ಹೋಗಿ, ಬಣ್ಣ ಮಾಡಿಸಿ ಕೊಡ್ತೇನೆ."

ಗಿರಾಕಿಗಳಲ್ಲೊಬ್ಬ ಎದ್ದು ತನ್ನ ಕಾರಿನ ಚಕ್ರ ನೋಡಲು ಹೋದ. ನನ್ನ ಮಾನ ಉಳಿಸಲು ಅಜೀಜ್ ಸಾಹೇಬರು ತಮ್ಮದನ್ನು ಕೊಟ್ಟುಬಿಟ್ಟಿದ್ದರು. ನಾನು ಮುಂದೆ ಬಂದು ಚಕ್ರದ ಪಕ್ಕ ನಿಂತೆ.

"ಸಾಹೇಬ್ರದ್ದು ತಪ್ಪಿಲ್ಲ. ಬೇಕರಿ ಹತ್ರ ನಾನೇ ಚರಂಡಿಗೆ ಉಜ್ಜಿದ್ದು. ನಿನ್ನೆಯೇ ಹೇಳ್ಬೇಕಿತ್ತು."

ಇವರ ಕಿವಿ ಕೆಂಪಾಯಿತು. ನನ್ನ ಕಡೆ ನೋಡಲೇ ಇಲ್ಲ. ಸಾಹೇಬರಿಗೆ, ಆ ಇಬ್ಬರಿಗೂ ಕೇಳುವಷ್ಟೇ ಗಟ್ಟಿಯಾಗಿ, "ತಪ್ಪಾಯ್ತು ಸಾಹೇಬ್ರೆ, ಮನಸಲ್ಲಿ ಇಟ್ಕೋಬೇಡಿ" ಎಂದರು. ಆ ಒಂದು ಮಾತಿಗಾಗಿ ಇವರ ಮೇಲಿನ ನನ್ನ ಎಷ್ಟೋ ದೂರುಗಳನ್ನು ಅಲ್ಲೇ ಬಿಟ್ಟುಕೊಟ್ಟೆ.

"ಗೀರು ಬಿಡಿ ಸರ್, ಚಕ್ರ ಸರಿ ತಿರುಗ್ತಾ ಇದ್ಯಾ, ಅದು ಹೇಳಿ" ಎಂದರು ಅಜೀಜ್ ಸಾಹೇಬರು.

ವಾಪಸ್ಸು ಬರುವಾಗಲೂ ಇವರೇ ಓಡಿಸಿದರು.

"ನಂಗೆ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದರು.

"ಬಯ್ತೀರಿ ಅಂತ."

"ಅಷ್ಟು ಬಯ್ತೀನಾ?"

"ಹ್ಞೂಂ."

ಎರಡು ತಿರುವು ದಾಟಿದೆವು. ಆಮೇಲೆ ರಸ್ತೆಯ ಮೇಲಿನ ಕಣ್ಣು ತೆಗೆಯದೆ, "ಬಲಗಡೆ ಹಿಂದಿನ ಚಕ್ರ ನೋಡಿದೀಯಾ?" ಎಂದರು.

"ಅದರಲ್ಲಿ ಎಂತ ಇಲ್ವಲ್ಲ, ನಿನ್ನೆ ನೋಡಿದೆ."

"ಸರಿಯಾಗಿ ನೋಡಿಲ್ಲ ನೀನು. ನೋಡ್ಬೇಡ ಮಾರಾಯ್ತಿ. ನಾನು ಉಜ್ಜಿದ್ದಕ್ಕೆ ಮಾರ್ಕರ್ ಪೆನ್ನಲ್ಲಿ ಕಪ್ಪು ಮಾಡಿದೇನೆ."

ನಾನು ಇವತ್ತಿಗೂ ನೋಡಿಲ್ಲ. ಕಾರು ತೊಳೆಯುವಾಗ ಆ ಚಕ್ರಕ್ಕೆ ಮಾತ್ರ ಮುಖ ಆಚೆ ತಿರುಗಿಸಿ ನೀರು ಹಾಕುತ್ತೇನೆ.